ಕರಜಗಿಯನ್ನು ಹುಡುಕಿದ ಕಥೆ

“ಸರ, ನಮ್ಮೂರ ಸುದ್ದಿ ಹಾವೇರಿ ಪೇಜಿನ್ಯಾಗ ಹ್ಯಾಂಗ ಹೋತ್ರಿ?”

ಫೋನು ಮಾಡಿದವರು ಅಫಜಲಪುರ ತಾಲ್ಲೂಕಿನ ಕರಜಗಿಯಿಂದ ಸುದ್ದಿ ಕಳಿಸುವವರು. ತಪ್ಪು ಡೆಸ್ಕಿನವರದಲ್ಲ, ನನ್ನದು. ಪತ್ರಿಕೆಯೊಂದರ ಸುದ್ದಿಮನೆಗೆ ಸಾಫ್ಟ್‌ವೇರ್ ಬರೆಯುವುದು ನನ್ನ ಕೆಲಸ. ಊರ ಹೆಸರು ನೋಡಿ ಸುದ್ದಿಯನ್ನು ಆಯಾ ಜಿಲ್ಲೆಯ ಪುಟಕ್ಕೆ ಕಳಿಸುವ ಪ್ರೋಗ್ರಾಮು ನಾನೇ ಬರೆದದ್ದು. ಮುಂಬೈ ಪ್ರಾಂತ್ಯದ ಕಾಲದಲ್ಲಿ ಒಂದು ತಾಲ್ಲೂಕಿಗೇ ಹೆಸರು ಕೊಟ್ಟಿದ್ದ ಹಾವೇರಿ ಬಳಿಯ ಕರಜಗಿ ನನ್ನ ಪಟ್ಟಿಯಲ್ಲಿತ್ತು. ಭೀಮೆಯ ಸೀಮೆಯ ಕರಜಗಿ ಇರಲಿಲ್ಲ.

ಮೊದಲಿನವರು ಇವೆರಡನ್ನು ಹೇಗೆ ಬೇರೆ ಮಾಡುತ್ತಿದ್ದರೋ ನೋಡೋಣವೆಂದು ಹಳೆಯ ಕಡತಗಳಲ್ಲಿ ‘ಕರಜಗಿ’ ಹುಡುಕಿದೆ. ಒಂದೂ ಸಿಗಲಿಲ್ಲ. ಒಂದು ಕಡತ ತೆರೆದರೆ ಗುಟ್ಟು ರಟ್ಟಾಯಿತು. ಅಲ್ಲಿ ಕರಜಗಿ ಇತ್ತು, ವೇಷ ಮರೆಸಿಕೊಂಡು: ಇಂಗ್ಲಿಷಿನ ಪಿ, ತಲೆಯ ಮೇಲೆ ಗೆರೆ ಹೊತ್ತ ಎ, ಜಿ, ಮತ್ತೆ ಅದೇ ಎ, ಡಿ, ವಿ. ‘ಕನ್ನಡ’ ಎಂಬ ಪದದ ಪಾಡು ಇನ್ನೂ ತಮಾಷೆ. ‘ನ’ ಇರಬೇಕಾದಲ್ಲಿ ಬ್ರಿಟನ್ನಿನ ಪೌಂಡಿನ ಗುರುತು, ಅದರ ಒತ್ತಿಗೆ ಜರ್ಮನರ ಒಂದು ಅಕ್ಷರ!

ಈ ವೇಷದ ಮೂಲ ಹುಡುಕುತ್ತ ಹೋದರೆ ಸಿಗುವವರು ಕಿನ್ನಿಕಂಬಳ ಪದ್ಮನಾಭ ರಾವ್, ಎಲ್ಲರ ಬಾಯಲ್ಲಿ ಕೆ.ಪಿ. ರಾವ್. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿದ್ದು, ಆಮೇಲೆ ಅಕ್ಷರ ಜೋಡಣೆಯ ಯಂತ್ರಗಳ ಲೋಕಕ್ಕೆ ಬಂದವರು. ಕನ್ನಡದ ಬೆರಳಚ್ಚು ಯಂತ್ರದಲ್ಲಿ ಅಕ್ಷರಗಳನ್ನು ತುಂಡು ತುಂಡಾಗಿ ಒತ್ತಿ ಕೂಡಿಸಬೇಕಿತ್ತು. ರಾವ್ ಆ ದಾರಿ ಬಿಟ್ಟು, ಉಲಿದಂತೆ ಒತ್ತುವ ವಿನ್ಯಾಸ ಮಾಡಿದರು. ಇಂಗ್ಲಿಷಿನ 26 ಕೀಲಿಗಳೇ ಸಾಕು, ಒತ್ತಕ್ಷರ ಬೇಕೆಂದರೆ ನಡುವೆ ‘ಎಫ್’. ಹೀಗೆ ಕರಜಗಿಗೆ ಬೇಕಾದದ್ದು ಐದೇ ಕೀಲಿ: ಕೆ, ಆರ್, ಜೆ, ಜಿ, ಐ. ತಮ್ಮ ತಂತ್ರಾಂಶಕ್ಕೆ ಅವರು ಇಟ್ಟ ಹೆಸರು ‘ಸೇಡಿಯಾಪು’, ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಗೌರವಕ್ಕೆ. ಮುಂದೆ ಇದೇ ಕೀಲಿಮಣೆ ಕನ್ನಡ ಬರೆಯುವ ತಂತ್ರಾಂಶ ‘ನುಡಿ’ಗೂ ಬಂತು, ಸರ್ಕಾರದ ಒಪ್ಪಿಗೆಯನ್ನೂ ಪಡೆಯಿತು.

ದೂರದ ಅಮೆರಿಕದ ಕಾನ್ಸಾಸ್ ರಾಜ್ಯದ ಲಾರೆನ್ಸ್ ಪಟ್ಟಣದ ಪತ್ರಿಕೆಯಲ್ಲೂ ತಂತ್ರಾಂಶಕ್ಕೆ ಹೆಸರಿಟ್ಟ ಇಂಥದೇ ಒಂದು ಕಥೆ ನಡೆಯಿತು. ಸುದ್ದಿಮನೆಯ ಅವಸರ ತಾಳಲಾರದೆ ಅಲ್ಲಿನ ಪ್ರೋಗ್ರಾಮರುಗಳು ಕಟ್ಟಿಕೊಂಡ, ವೆಬ್‌ಸೈಟ್ ಮಾಡುವ ಸಲಕರಣೆ 2005ರಲ್ಲಿ ‘ಜಾಂಗೋ’ ಎಂದು ಹೊರಬಂತು. ಅವರು ಇಟ್ಟದ್ದು ಒಬ್ಬ ಗಿಟಾರ್ ವಾದಕನ ಹೆಸರು, ನಮ್ಮವರು ಇಟ್ಟದ್ದು ಛಂದಸ್ಸು ಬಲ್ಲ ಪಂಡಿತರ ಹೆಸರು. ಜಾಂಗೋ ಇಂದು ಜಗತ್ತಿಗೆಲ್ಲ ಗೊತ್ತು. ಸೇಡಿಯಾಪು ಎಂದರೆ ನಮ್ಮ ಹೊಸ ಹುಡುಗರು ಯಾವ ಊರು ಅಂತ ಕೇಳುತ್ತಾರೆ. ನನಗೆ ಸಿಟ್ಟು ಬರುವುದು ಅಲ್ಲೇ.

ಇನ್ನೊಂದು ಸಿಟ್ಟು ಫಾಂಟುಗಳ ಮೇಲೆ. ಬೆರಳು ಉಚ್ಚಾರದ ದಾರಿ ಹಿಡಿದರೂ ಕಂಪ್ಯೂಟರ್ ಒಳಗೆ ಕೂಡಿಟ್ಟುಕೊಂಡದ್ದು ಆಕಾರವನ್ನು. ಆಗಿನ ಫಾಂಟಿನಲ್ಲಿ ಇದ್ದ ಇನ್ನೂರು ಚಿಲ್ಲರೆ ಮನೆಗಳಲ್ಲಿ ನಮ್ಮ ಗುಣಿತಾಕ್ಷರಗಳೆಲ್ಲ ಹಿಡಿಸುವುದೆಲ್ಲಿ? ಅದಕ್ಕೇ ತಲೆಕಟ್ಟು, ಕೊಂಬು, ಒತ್ತು ಎಂದು ಬಿಡಿಬಿಡಿ ಮಾಡಿ ಇಂಗ್ಲಿಷಿನ ಗುರುತುಗಳ ಜಾಗದಲ್ಲಿ ತುಂಬಿದರು. ಯೂನಿಕೋಡಿನಲ್ಲಿ 1991ರಷ್ಟು ಹಿಂದೆಯೇ ಕನ್ನಡಕ್ಕೆ ಜಾಗ ಸಿಕ್ಕಿತ್ತು. ಆದರೆ ಪುಟ ಕಟ್ಟುವ ತಂತ್ರಾಂಶಗಳಿಗೆ ಅದು ಬಹುಕಾಲ ಒಗ್ಗಲಿಲ್ಲ. ಪುಟ ಹೊತ್ತಿಗೆ ಸರಿಯಾಗಿ ಅಚ್ಚಿಗೆ ಹೋದರೆ ಸಾಕು, ನಾಳೆ ಹುಡುಕುವವನ ಚಿಂತೆ ಯಾರಿಗೆ?

ನಾಳೆ ಹುಡುಕುವವನು ನಾನೇ ಆದೆ. ವೇಷ ಕಳಚುವ ಪರಿವರ್ತಕ ಬರೆಯಲು ಕೂತೆ. ‘ಯ’ಕಾರದ ಮೊದಲ ತುಂಡು ಅನುಸ್ವಾರದ ಸೊನ್ನೆಯೇ. ಅವಸರ ಮಾಡಿ ಸೊನ್ನೆ ಎಂದು ಓದಿಕೊಂಡರೆ ಕೆಟ್ಟಿತು, ಮುಂದಿನ ಮೂರು ತುಂಡುಗಳನ್ನೂ ನೋಡಿಯೇ ತೀರ್ಮಾನಿಸಬೇಕು. ಎಲ್ಲಕ್ಕಿಂತ ಕಾಡಿದ್ದು ಅರ್ಕಾವತ್ತು. ಕಾಗದದ ಮೇಲೆ ಅದು ಅಕ್ಷರದ ಬಲಕ್ಕೆ ಕೂರುತ್ತದೆ, ಹಳೆಯ ಫಾಂಟೂ ಹಾಗೇ ಕೊನೆಗೆ ಇಡುತ್ತದೆ. ಬಾಯಲ್ಲಿ ಮಾತ್ರ ‘ರ್’ ಮೊದಲು. ಅದನ್ನು ಹಿಂದಕ್ಕೆ ಸರಿಸಲು ಮರೆತ ದಿನ ನನ್ನ ಪರದೆಯ ತುಂಬ ‘ಜೇವಗಿರ್’. ಪಕ್ಕದಲ್ಲಿದ್ದ ಹಿರಿಯ ಉಪಸಂಪಾದಕರು ಕನ್ನಡಕ ಏರಿಸಿ, “ಜೇವರ್ಗಿಯವರು ಕಂಡರೆ ಬಿಡ್ತಾರೇನ್ರೀ?” ಅಂದರು.

ಕೊನೆಗೆ ‘ಕರಜಗಿ’ ಸಾಲುಸಾಲಾಗಿ ಬಂತು. ಯಾವುದು ಹಾವೇರಿಯದು, ಯಾವುದು ಅಫಜಲಪುರದ್ದು ಎಂದು ವಿಂಗಡಿಸಲು ಯಂತ್ರಕ್ಕೆ ದಾರಿಯಿರಲಿಲ್ಲ. ಅಫಜಲಪುರದ ಕರಜಗಿಯ ಆ ಸುದ್ದಿಗಾರರಿಗೆ ನಾನೇ ಫೋನು ಮಾಡಿದೆ. ಅವರು ತಮ್ಮ ಸುದ್ದಿಗಳನ್ನು ಕತ್ತರಿಸಿ ಟ್ರಂಕಿನಲ್ಲಿ ಇಟ್ಟಿದ್ದರು, ಒಂದೊಂದರ ಮೂಲೆಗೂ ತಾರೀಖು ಬರೆದು. “ಬರಕೋರಿ ಸರ” ಎಂದು ಓದತೊಡಗಿದರು. ಅವರು ಓದಿದಂತೆ ನಾನು ಗುರುತು ಹಾಕುತ್ತ ಹೋದೆ. ನಮ್ಮ ಸರ್ವರಿಗೆ ತನ್ನದೇ ಕಡತ ಯಾವೂರದೆಂದು ತಿಳಿದದ್ದು ಆ ಟ್ರಂಕಿನಿಂದ.