ಪಠ್ಯವೋ ಸಂಖ್ಯೆಯೋ: ಸಿಎಸ್‌ವಿ ಕಡತಗಳ ಓದಿನಲ್ಲಿ ದತ್ತಾಂಶದ ರೂಪಾಂತರ

ಹಸ್ತಪ್ರತಿ ಸೂಚಿ, ಶಾಸನಪಟ್ಟಿ, ಉಪಭಾಷಾ ಪದಸಂಗ್ರಹಗಳನ್ನು ಗಣಕಕ್ಕೆ ಅಳವಡಿಸುವಾಗ ಅಲ್ಪವಿರಾಮದಿಂದ ಅಂಕಣಗಳನ್ನು ಬೇರ್ಪಡಿಸುವ ಸಿಎಸ್‌ವಿ ಕಡತಗಳು ವ್ಯಾಪಕವಾಗಿ ಬಳಕೆಯಾಗುತ್ತವೆ. ಇಂತಹ ಕಡತದಲ್ಲಿರುವುದು ಕೇವಲ ಅಕ್ಷರಗಳು. ಯಾವ ಅಂಕಣ ಸಂಖ್ಯೆ, ಯಾವುದು ದಿನಾಂಕ, ಯಾವುದು ಪಠ್ಯ ಎಂಬ ಮಾಹಿತಿ ಅದರೊಳಗಿಲ್ಲ. 2005ರಲ್ಲಿ ಪ್ರಕಟವಾದ ಆರ್‌ಎಫ್‌ಸಿ 4180 ಎಂಬ ವಿವರಣಪತ್ರವೂ ಅಲ್ಪವಿರಾಮ, ಉದ್ಧರಣಚಿಹ್ನೆಗಳ ಬಳಕೆಯನ್ನು ನಿರೂಪಿಸುತ್ತದೆಯೇ ಹೊರತು ಮೌಲ್ಯಗಳ ಬಗೆಯನ್ನು ನಿರ್ಧರಿಸುವುದಿಲ್ಲ. ಆ ಕೊರತೆಯನ್ನು ಓದುವ ತಂತ್ರಾಂಶ ತನ್ನ ಊಹೆಯಿಂದ ತುಂಬಿಕೊಳ್ಳುತ್ತದೆ.

ಪೈಥಾನ್ ಭಾಷೆಯ ಪಾಂಡಾಸ್ ಸಂಗ್ರಹದ ಓದುಫಲನವನ್ನು ಉದಾಹರಣೆಯಾಗಿ ನೋಡಬಹುದು. ಅಂಕಣದ ಮೌಲ್ಯಗಳೆಲ್ಲ ಅಂಕಿಗಳಾಗಿದ್ದರೆ 0412 ಎಂಬ ಹಸ್ತಪ್ರತಿ ಸಂಖ್ಯೆ 412 ಆಗುತ್ತದೆ. ಅದೇ ಅಂಕಣದಲ್ಲಿ ಒಂದು ಕೋಶ ಖಾಲಿಯಿದ್ದರೆ 412.0 ಆಗುತ್ತದೆ. ಇದಕ್ಕಿಂತ ಸೂಕ್ಷ್ಮವಾದ ತೊಡಕು ಭಾಷಾಧ್ಯಯನಕಾರರಿಗೆ ಕಾದಿದೆ. 'ನಾನು' ಸರ್ವನಾಮದ 'ನನ್' ಎಂಬ ಅಂಗರೂಪವನ್ನು ರೋಮನ್ ಲಿಪಿಯ ಎನ್, ಎ, ಎನ್ ಎಂಬ ಮೂರು ಸಣ್ಣಕ್ಷರಗಳಲ್ಲಿ ಬರೆದಿದ್ದರೆ, ತಂತ್ರಾಂಶ ಅದನ್ನು 'ಮೌಲ್ಯವಿಲ್ಲ' ಎಂಬ ಸಂಕೇತವೆಂದು ಗ್ರಹಿಸಿ ಪದವನ್ನೇ ಅಳಿಸಿಹಾಕುತ್ತದೆ. ಯಾವ ಎಚ್ಚರಿಕೆಯೂ ಮೂಡುವುದಿಲ್ಲ. ಉತ್ತಮಪುರುಷದ ರೂಪಗಳ ಪ್ರಯೋಗವನ್ನು ಎಣಿಸುವ ಸಂಶೋಧಕನಿಗೆ ಇದು ಸಣ್ಣ ನಷ್ಟವಲ್ಲ.

ಇದು ಮಾನವಿಕಗಳಿಗೆ ಸೀಮಿತವಾದ ಸಮಸ್ಯೆಯಲ್ಲ. ಎಕ್ಸೆಲ್ ತಂತ್ರಾಂಶ ಕೆಲವು ವಂಶವಾಹಿಗಳ ಹೆಸರನ್ನು ದಿನಾಂಕವಾಗಿ ಮಾರ್ಪಡಿಸುತ್ತಿದ್ದುದರಿಂದ 'ಮಾರ್ಚ್1' ಎಂಬುದನ್ನು 'ಮಾರ್ಚ್‌ಎಫ್1' ಎಂದು ಮರುನಾಮಕರಣ ಮಾಡಬೇಕಾಯಿತು. ಇಂತಹ ಬದಲಾವಣೆಗಳನ್ನು ವಿವರಿಸುವ ಮಾರ್ಗಸೂಚಿ 2020ರಲ್ಲಿ ಪ್ರಕಟವಾಯಿತು. ಯಂತ್ರದ ಊಹೆಗೆ ಶಾಸ್ತ್ರದ ಪರಿಭಾಷೆಯೇ ಮಣಿದದ್ದು ವಿಪರ್ಯಾಸ.

ಗ್ರಂಥಸಂಪಾದನೆಯಲ್ಲಿ ಪ್ರತಿಯ ಪಾಠವನ್ನು ಮೊದಲು ಇದ್ದಂತೆ ದಾಖಲಿಸಿ ತಿದ್ದುಪಡಿಯನ್ನು ಬೇರೆಯಾಗಿ ಸೂಚಿಸುವ ಕ್ರಮ ಕನ್ನಡ ವಿದ್ವಾಂಸರಿಗೆ ಪರಿಚಿತವೇ. ಅದೇ ಶಿಸ್ತು ಇಲ್ಲಿಯೂ ಅನ್ವಯಿಸುತ್ತದೆ. ಓದುಫಲನದ 'ಡಿಟೈಪ್' ಎಂಬ ಆಯ್ಕೆಯಲ್ಲಿ ಎಲ್ಲ ಅಂಕಣಗಳನ್ನೂ ಪಠ್ಯವೆಂದು ಘೋಷಿಸಬೇಕು. ಇದೊಂದೇ ಸಾಲದು, ಹೀಗೆ ಘೋಷಿಸಿದರೂ ಮೇಲಿನ 'ನನ್' ಉಳಿಯುವುದಿಲ್ಲ. 'ಕೀಪ್ ಡೀಫಾಲ್ಟ್ ಎನ್‌ಎ' ಎಂಬ ಆಯ್ಕೆಯನ್ನೂ ನಿರಾಕರಿಸಿದಾಗ ಮಾತ್ರ ಮೂಲಪಾಠ ಸುರಕ್ಷಿತವಾಗುತ್ತದೆ. ಆನಂತರ ಗಣಿತ ಅಗತ್ಯವಿರುವ ಅಂಕಣಗಳನ್ನಷ್ಟೇ, ಹೆಸರಿಸಿ, ಪರಿವರ್ತಿಸಬೇಕು. ಪರಿವರ್ತನೆಗೆ ಒಗ್ಗದ ಮೌಲ್ಯಗಳನ್ನು ಸದ್ದಿಲ್ಲದೆ ಖಾಲಿಯಾಗಿಸುವ ಸೌಲಭ್ಯವೂ ಉಂಟು. ಅದು ಆಕರ್ಷಕ, ಆದರೆ ಅಪಾಯಕಾರಿ. ದೋಷ ವರದಿಯಾಗಿ ಕೆಲಸ ನಿಲ್ಲುವುದೇ ಲೇಸು.

ಕನ್ನಡ ಅಂಕಿಗಳ ವಿಷಯದಲ್ಲಿ ಒಂದು ಅನುಕೂಲವಿದೆ. ಪಾಂಡಾಸ್ ತಾನಾಗಿ '೧೨' ಎಂಬುದನ್ನು ಸಂಖ್ಯೆಯೆಂದು ಗುರುತಿಸದೆ ಪಠ್ಯವಾಗಿಯೇ ಉಳಿಸುತ್ತದೆ. ಆದರೆ ಪೈಥಾನಿನ ಪೂರ್ಣಾಂಕ ಫಲನಕ್ಕೆ ಅದನ್ನು ಒಪ್ಪಿಸಿದರೆ 12 ದೊರೆಯುತ್ತದೆ. '೧೨ನೆಯ' ಎಂದಿದ್ದರೆ ದೋಷ ವರದಿಯಾಗುತ್ತದೆ.

ಕಾಲನಿರ್ದೇಶನ ಹೆಚ್ಚು ಕಠಿನ. ಪಾಂಡಾಸ್‌ನಲ್ಲಿ ಬಹುಕಾಲ ಏಕೈಕವಾಗಿದ್ದ ನ್ಯಾನೊಸೆಕೆಂಡ್ ಆಧಾರಿತ ದಿನಾಂಕಮಾದರಿಯ ವ್ಯಾಪ್ತಿ 1677ರಿಂದ 2262ರವರೆಗೆ ಮಾತ್ರ. ಬೇರೆ ಅಳತೆಗಳಿಗೆ ಅವಕಾಶ ದೊರೆತದ್ದು 2023ರ 2.0 ಆವೃತ್ತಿಯಲ್ಲಿ. ಒಂದನೆಯ ಪುಲಕೇಶಿಯ ಬಾದಾಮಿ ಶಾಸನದ ಶಕವರ್ಷ 465, ಅಂದರೆ ಕ್ರಿ.ಶ. 543, ಈ ವ್ಯಾಪ್ತಿಯ ಹೊರಗಿದೆ. ವ್ಯಾಪ್ತಿ ಹಿಗ್ಗಿದರೂ 465 ಎಂಬುದು ಶಕವರ್ಷವೋ ಕ್ರಿಸ್ತವರ್ಷವೋ ಎಂಬುದನ್ನು ಯಂತ್ರ ಅರಿಯದು. ಆದ್ದರಿಂದ ಶಾಸನೋಕ್ತ ಕಾಲವನ್ನು ಪಠ್ಯರೂಪದಲ್ಲಿಯೇ ಉಳಿಸಿ, ಸಂಶೋಧಕ ನಿರ್ಣಯಿಸಿದ ಕ್ರಿಸ್ತವರ್ಷವನ್ನು ಪ್ರತ್ಯೇಕ ಅಂಕಣದಲ್ಲಿ ಪೂರ್ಣಾಂಕವಾಗಿ ನಮೂದಿಸುವುದು ಉಚಿತ.