ಕಿಟಕಿ ತೆರೆದ ಮೇಲೆ ತಂಪಾದ ಮನೆ

ಮೇ ತಿಂಗಳ ಒಂದು ರಾತ್ರಿ. ಎರಡು ಗಂಟೆ ಸುಮಾರಿಗೆ ಬಚ್ಚಲಮನೆಯಲ್ಲಿ ತಂಬಿಗೆ ಬಿದ್ದ ಸದ್ದಾಯಿತು. ಎದ್ದು ಓಡಿದರೆ ನಮ್ಮ ಅತ್ತೆ ಗೋಡೆಗೆ ಒರಗಿ ಕುಸಿದು ಕೂತಿದ್ದರು. ಮೈ ಕೆಂಡ, ಬಾಯಿ ಒಣಗಿ ಹೋಗಿತ್ತು. "ತಲಿ ತಿರಗಲಕತ್ತದವಾ" ಅಂದದ್ದಷ್ಟೇ ಕೇಳಿಸಿತು. ಆಟೋ ಹಿಡಿದು ಆಸ್ಪತ್ರೆಗೆ ಓಡಿದೆವು. ಸಲೈನ್ ಏರಿಸಿ, ಬೆಳಗಿನ ಜಾವ ಅತ್ತೆ ಕಣ್ಣು ಬಿಟ್ಟ ಮೇಲೆ ಡಾಕ್ಟರು ನನ್ನನ್ನು ಕೇಳಿದರು: "ಮನ್ಯಾಗ ಕೂಲರ್ ಅದ ಅಂತೀರಿ. ಕಿಟಕಿ ತೆರೆದಿರ್ತೀರೇನು?"

ತೆರೆದಿರಲಿಲ್ಲ. ಸೊಳ್ಳೆ ಬರ್ತಾವ, ಕಳ್ಳರ ಭಯ ಅಂತ ಎಲ್ಲ ಮುಚ್ಚಿ, ಕೂಲರ್ ಹಚ್ಚಿ ಮಲಗುತ್ತಿದ್ದೆವು. ತಂಪಿಗೆಂದು ತಂದದ್ದೇ ಅತ್ತೆಯ ಜೀವಕ್ಕೆ ಕುತ್ತಾಗಿತ್ತು.

ಕೂಲರ್ ಕೆಲಸ ಮಾಡುವುದು ಮಣ್ಣಿನ ಹರವಿಯ ಹಾಗೆ. ನೀರು ಆವಿಯಾಗುವಾಗ ಗಾಳಿಯ ಬಿಸಿ ಹೀರಿಕೊಳ್ಳುತ್ತದೆ. ಒಂದು ಲೀಟರ್ ನೀರು ಆರಿ ಹೋಗುವಾಗ ಹೀರುವ ಶಾಖ, ಸಾವಿರ ವ್ಯಾಟ್‌ನ ಹೀಟರ್ 40 ನಿಮಿಷ ಉರಿದಾಗ ಕೊಡುವಷ್ಟು. ಬೀದರ್ ಜಿಲ್ಲೆಯ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟಿದರೂ ಗಾಳಿ ಒಣ ಒಣ. ಹಾಗಾಗಿ ಕೂಲರ್ ನಮ್ಮ ಸೀಮೆಗೆ ಹೇಳಿ ಮಾಡಿಸಿದ್ದು. ಆದರೆ ಒಳಗೆ ಬಂದ ಹಸಿ ಗಾಳಿ ಹೊರಗೆ ಹೋಗಲೇಬೇಕು. ಮುಚ್ಚಿದ ಕೋಣೆಯಲ್ಲಿ ಅದೇ ಗಾಳಿ ತಿರುಗಿ ತಿರುಗಿ ತೇವ ತುಂಬುತ್ತದೆ. ಆಮೇಲೆ ಪ್ಯಾಡಿನ ನೀರೂ ಆರುವುದಿಲ್ಲ, ಮೈಮೇಲಿನ ಬೆವರೂ ಆರುವುದಿಲ್ಲ. ಬೆವರು ಆರದಿದ್ದರೆ ಮೈಯೊಳಗಿನ ಕಾವು ಇಳಿಯುವುದು ಹೇಗೆ? ವಯಸ್ಸಾದವರಿಗೆ ಬಾಯಾರಿಕೆ ಗೊತ್ತಾಗುವುದೂ ಕಡಿಮೆ. ಡಾಕ್ಟರು ಇಷ್ಟನ್ನು ಬಿಡಿಸಿ ಹೇಳಿದಾಗ ನನಗೆ ನಾಚಿಕೆಯಾಯಿತು.

ಮನೆಗೆ ಬಂದ ಮೇಲೆ ಯಜಮಾನರು, "ಸಾಕಿನ್ನ, ಏಸಿ ತರೋಣ" ಅಂದರು. ನಾನು, "ಒಂದು ವಾರ ತಡೀರಿ" ಅಂದೆ. ಅತ್ತೆಯನ್ನು ಕರೆದುಕೊಂಡು ಹುಮನಾಬಾದಿನ ತವರಿಗೆ ಹೋದೆ. ಅಲ್ಲಿ ಅವರಿಗೆ ಮೊದಲ ರಾತ್ರಿಯೇ ಗಡದ್ದಾಗಿ ನಿದ್ದೆ ಬಂತು. ಬರೀ ಒಂದು ಫ್ಯಾನು, ಅಷ್ಟೇ.

ತವರಿನದು ಹಳೆಯ ಮಾಳಿಗೆ ಮನೆ. ಎರಡು ಮೊಳ ದಪ್ಪದ ಕಲ್ಲು-ಮಣ್ಣಿನ ಗೋಡೆ. ಮೇಲೆ ತೊಲೆ, ಹಲಗೆ, ಅದರ ಮೇಲೆ ಮಣ್ಣು. ನೆತ್ತಿಯಲ್ಲೊಂದು ಬೆಳಕಿಂಡಿ. ಹಗಲಿನ ಕಾವು ಆ ದಪ್ಪ ದಾಟಿ ಒಳಗೆ ಬರುವಷ್ಟರಲ್ಲಿ ಹೊತ್ತು ಮುಳುಗಿರುತ್ತದೆ. ಒಳಗಿನ ಬಿಸಿ ಗಾಳಿ ಬೆಳಕಿಂಡಿಯಿಂದ ಮೇಲೆ ಹೋಗುತ್ತದೆ. ಬಸವಕಲ್ಯಾಣದ ನಮ್ಮ ಮನೆಯೋ, ಐದು ಇಂಚಿನ ಆರ್‌ಸಿಸಿ ಸ್ಲ್ಯಾಬು, ಪಶ್ಚಿಮಕ್ಕೆ ಬೋಳು ಗೋಡೆ. ದಿನವಿಡೀ ಕಾದ ಹಂಚಿನ ಕೆಳಗೆ ಮಲಗಿದ ಹಾಗೆ. ಮಧ್ಯರಾತ್ರಿ ಕೈ ಚಾಚಿ ಸೂರು ಮುಟ್ಟಿ ನೋಡಿ, ಆಗಲೂ ಬೆಚ್ಚಗೇ ಇರುತ್ತದೆ.

ತವರಿನ ತಂಪಿನಲ್ಲಿ ಕೂತು ನನಗೆ ಹೊಳೆದದ್ದು ಇಷ್ಟು: ಯಂತ್ರ ಯಾವುದು ಅಂತ ಆಮೇಲೆ ನೋಡೋಣ, ಮೊದಲು ಮನೆಯೊಳಗೆ ಬರುವ ಕಾವನ್ನು ತಡೆಯಬೇಕು.

ವಾಪಸ್ ಬಂದವಳೇ ಮಾಳಿಗೆ ಗುಡಿಸಿ ಸುಣ್ಣ ಹೊಡೆಸಿದೆ. ಸುಣ್ಣಕ್ಕೆ ಅಂಟು ಬೆರೆಸಿ ಎರಡು ಕೋಟು. ಬಿಳಿ ಬಣ್ಣ ಬಿಸಿಲನ್ನು ಹಿಂದಕ್ಕೆ ಎಸೆಯುತ್ತದೆ. ಇದೇನು ನಾನು ಕಂಡುಹಿಡಿದದ್ದಲ್ಲ. ಪಕ್ಕದ ತೆಲಂಗಾಣ ಸರ್ಕಾರ 2023ರಲ್ಲಿ ತಂಪು ಚಾವಣಿಗೆಂದೇ ಒಂದು ನೀತಿ ತಂದಿದೆ. 2010ರ ಮೇ ತಿಂಗಳ ಬಿಸಿಗಾಳಿಯಲ್ಲಿ ತತ್ತರಿಸಿದ್ದ ಅಹಮದಾಬಾದ್ 2013ರಲ್ಲಿ ಮಾಡಿದ ಬಿಸಿಗಾಳಿ ಯೋಜನೆ ದೇಶದ ಬೇರೆ ಊರುಗಳಿಗೂ ಮಾದರಿಯಾಯಿತು. ಅಲ್ಲಿನ ಬಡಾವಣೆಗಳಲ್ಲೂ ಚಾವಣಿಗೆ ಬಿಳಿ ಬಳಿದರು. ನಮ್ಮ ಕೋಣೆಯ ಗೋಡೆಗೆ ನೇತುಹಾಕಿದ ಥರ್ಮಾಮೀಟರಿನಲ್ಲಿ ರಾತ್ರಿ ಹತ್ತಕ್ಕೆ ಮೊದಲಿಗಿಂತ ಎರಡು-ಮೂರು ಡಿಗ್ರಿ ಕಡಿಮೆ ತೋರಿಸಿತು. ಪಶ್ಚಿಮದ ಕಿಟಕಿಗೆ ಹೊರಗಿನಿಂದ ಬಿದಿರಿನ ತಟ್ಟಿ ಕಟ್ಟಿಸಿದೆ. ಪರದೆ ಒಳಗೆ ಹಾಕುವುದಕ್ಕಿಂತ ನೆರಳು ಹೊರಗೆ ಮಾಡುವುದು ಮೇಲು. ಗಾಜು ದಾಟಿದ ಬಿಸಿಲು ಒಳಗೇ ಉಳಿಯುತ್ತದೆ.

ಇನ್ನು ಕೂಲರ್. ಅದನ್ನು ಕೋಣೆಯ ನಡುವಿನಿಂದ ಎತ್ತಿ ಕಿಟಕಿಗೆ ಕೂರಿಸಿದೆವು, ಹೊರಗಿನ ಒಣ ಗಾಳಿಯನ್ನೇ ಎಳೆದುಕೊಳ್ಳಲಿ ಅಂತ. ಎದುರಿನ ಕಿಟಕಿಗೆ ಸೊಳ್ಳೆ ಜಾಳಿಗೆ ಹೊಡೆಸಿ ತೆರೆದಿಟ್ಟೆವು. ಸೊಳ್ಳೆಯೂ ಇಲ್ಲ, ಕಳ್ಳರ ಭಯಕ್ಕೆ ಸರಳುಗಳಂತೂ ಇದ್ದೇ ಇವೆ. ಅದೇ ಹಳೆಯ ಕೂಲರ್, ಅತ್ತೆ ಬೆಳಗಿನ ಜಾವ ದುಪ್ಪಟಿ ಕೇಳಿದರು!

ಕೂಲರ್ ಇಟ್ಟವರು ಮರೆಯಬಾರದ ಕೆಲವು ಮಾತು. ನಮ್ಮ ಕಡೆ ಬೋರ್ ನೀರು ಗಡಸು. ನೀರು ಆರಿ ಹೋದರೂ ಸುಣ್ಣ ಪ್ಯಾಡಿನಲ್ಲೇ ಉಳಿದು ಬಿಳಿ ಹಕ್ಕಳೆಯಾಗಿ ಗಾಳಿಯ ದಾರಿ ಮುಚ್ಚುತ್ತದೆ. ಉಳಿದ ನೀರನ್ನೇ ಮತ್ತೆ ಮತ್ತೆ ಓಡಿಸದೆ ಆಗಾಗ ಚೆಲ್ಲಿ ಹೊಸದು ತುಂಬಿ. ಹುಲ್ಲಿನ ಪ್ಯಾಡನ್ನು ಪ್ರತಿ ಬೇಸಿಗೆ ಬದಲಿಸಿ. ವಾರಕ್ಕೊಮ್ಮೆ ತೊಟ್ಟಿ ಪೂರ್ತಿ ಖಾಲಿ ಮಾಡಿ, ಬದಿಗಳನ್ನು ಉಜ್ಜಿ ಒಣಗಿಸಿ. ಡೆಂಗಿ ಸೊಳ್ಳೆ ಮೊಟ್ಟೆ ಇಡುವುದು ಇಂಥ ತಿಳಿನೀರಿನಲ್ಲೇ. ಬರೀ ನೀರು ಬದಲಿಸಿದರೆ ಬದಿಗೆ ಅಂಟಿದ ಮೊಟ್ಟೆ ಹೋಗುವುದಿಲ್ಲ. ಎಲ್ಲಕ್ಕಿಂತ ಮುಖ್ಯ, ನೀರು ಹಾಕುವ ಮೊದಲು ಪ್ಲಗ್ ಕಿತ್ತುಬಿಡಿ. ಸ್ವಿಚ್ ಆರಿಸಿದರಷ್ಟೇ ಸಾಲದು. ತಗಡಿನ ಕೂಲರಿಗೆ ಅರ್ಥಿಂಗ್ ಸರಿ ಇದೆಯೇ ಅಂತ ಎಲೆಕ್ಟ್ರಿಷಿಯನ್ ಕೈಲಿ ನೋಡಿಸಿ. ಮನೆಯಲ್ಲಿ ಮಕ್ಕಳಿದ್ದರೆ ಇದನ್ನು ನಾಳೆಗೆ ಹಾಕಬೇಡಿ.

ಹಾಗಾದರೆ ಏಸಿ ಬೇಡವೇ ಬೇಡವೇ? ಹಾಗನ್ನಲಾರೆ. ಜೂನಿನಲ್ಲಿ ಮಳೆ ಹಿಡಿದು ಗಾಳಿ ಹಸಿಯಾದ ಮೇಲೆ ಕೂಲರ್ ಸೋಲುತ್ತದೆ. ನೀರಿನ ಟ್ಯಾಂಕರಿಗೆ ಕಾಯುವ ಓಣಿಯಲ್ಲಿ ಕೂಲರಿಗೆ ದಿನಾ ಕೊಡಗಟ್ಟಲೆ ನೀರು ಎಲ್ಲಿಂದ ತರುವುದು? ಹೃದ್ರೋಗಿಗಳು, ಹಾಸಿಗೆ ಹಿಡಿದವರು ಇರುವ ಮನೆಗೆ ಒಂದು ಕೋಣೆಯಲ್ಲಾದರೂ ಏಸಿ ಇದ್ದರೆ ಆಸರೆ. ಕಡೆಗೆ ನಾವೂ ಅತ್ತೆಯ ಕೋಣೆಗೆ ಒಂದು ಹಾಕಿಸಿದೆವು.

ಆದರೆ ಲೆಕ್ಕ ಹಾಕಿ ತಂದೆವು. ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ನಮ್ಮ ತಲೆಗೇ ಬರುತ್ತದೆ. ಒಂದು ಸಾಧಾರಣ ಕೂಲರ್ ರಾತ್ರಿ ಎಂಟು ತಾಸು ಓಡಿದರೆ ಒಂದೂವರೆ ಯೂನಿಟ್ ಆದೀತು. ಒಂದು ಟನ್ನಿನ ಇನ್ವರ್ಟರ್ ಏಸಿ ಅಷ್ಟೇ ಹೊತ್ತು ಓಡಿದರೆ ನಮ್ಮ ಬಿಸಿಲಿಗೆ ಐದಾರು ಯೂನಿಟ್. ತಿಂಗಳಿಗೆ ಅದೊಂದೇ 150ರ ಮೇಲೆ. ಫ್ರಿಜ್ಜು, ಪಂಪು ಸೇರಿಸಿದರೆ ಗೆರೆ ದಾಟಿದಂತೆಯೇ.

ಟನ್ ಅಂದರೆ ಯಂತ್ರದ ತೂಕವಲ್ಲ. ಒಂದು ಟನ್ ಮಂಜುಗಡ್ಡೆ 24 ತಾಸಿನಲ್ಲಿ ಕರಗುತ್ತ ಹೀರುವಷ್ಟು ಶಾಖ ಎಂದು ಅರ್ಥ, ಸುಮಾರು ಮೂರೂವರೆ ಕಿಲೋವ್ಯಾಟ್. ಹತ್ತು-ಹನ್ನೆರಡು ಅಡಿಯ ಕೋಣೆಗೆ, ಮಾಳಿಗೆಗೆ ಸುಣ್ಣ ಹೊಡೆದಿದ್ದರೆ, ಒಂದು ಟನ್ ಸಾಕು. ಅಂಗಡಿಯಾತ "ದೊಡ್ಡದೇ ಒಯ್ರಿ ಅಕ್ಕಾವ್ರ" ಅಂದ. ಅತಿ ದೊಡ್ಡದಾದರೆ ಕೋಣೆ ಬೇಗ ತಣ್ಣಗಾಗಿ ಯಂತ್ರ ನಿಂತುಬಿಡುತ್ತದೆ, ತೇವ ಹೋಗುವುದಿಲ್ಲ. ಸ್ಟಾರ್ ಜಾಸ್ತಿ ಇರುವುದನ್ನೇ ನೋಡಿ; ಆದರೆ ಹಳೆಯ ವರ್ಷದ ಸ್ಟಾರಿಗೂ ಈ ವರ್ಷದ್ದಕ್ಕೂ ವ್ಯತ್ಯಾಸ ಇರುತ್ತದೆ, ಲೇಬಲ್ ಮೇಲಿನ ಇಸವಿ ಓದಿ. ಓಲ್ಟೇಜ್ ಏರಿಳಿಯುವ ಓಣಿಯಾದರೆ ಸ್ಟೆಬಿಲೈಸರ್ ಬಿಡಬೇಡಿ. ಆ ಖರ್ಚು ಉಳಿಸಲು ಹೋಗಿ ನಮ್ಮ ಮೊದಲ ವರ್ಷದಲ್ಲೇ ಒಳಗಿನ ಬೋರ್ಡ್ ಸುಟ್ಟು ಹೋಯಿತು.

2020ರ ಜನವರಿಯಿಂದ ನಮ್ಮ ದೇಶದಲ್ಲಿ ಸ್ಟಾರ್ ಲೇಬಲ್ ಇರುವ ಕೋಣೆಯ ಏಸಿಗಳು ಹಚ್ಚಿದಾಗ 24 ಡಿಗ್ರಿಯಲ್ಲೇ ಶುರುವಾಗುವಂತೆ ನಿಯಮವಿದೆ. ಅದನ್ನು 18ಕ್ಕೆ ಇಳಿಸಿದರೆ ಕೋಣೆ ಬೇಗ ತಣ್ಣಗಾಗುತ್ತದೆ ಎಂಬುದು ಭ್ರಮೆ. ಒಂದೊಂದು ಡಿಗ್ರಿ ಏರಿಸಿದರೂ ಕರೆಂಟು ಶೇ 6ರಷ್ಟು ಉಳಿಯುತ್ತದೆ ಅನ್ನುತ್ತಾರೆ. ನಾವು 26ಕ್ಕಿಟ್ಟು ಫ್ಯಾನ್ ಸಣ್ಣಗೆ ತಿರುಗಿಸುತ್ತೇವೆ.

ಜಾಳಿಗೆಯನ್ನು ಹದಿನೈದು ದಿನಕ್ಕೊಮ್ಮೆ ನಲ್ಲಿ ಕೆಳಗೆ ಹಿಡಿದು ತೊಳೆಯುವುದು ನಾನೇ. ನಮ್ಮ ಧೂಳಿಗೆ ಅದಕ್ಕಿಂತ ತಡ ಮಾಡಿದರೆ ಗಾಳಿ ಕಟ್ಟುತ್ತದೆ. ಹೊರಗಿನ ಡಬ್ಬಿಗೆ ನೆರಳಿರಲಿ, ಆದರೆ ಸುತ್ತ ಗಾಳಿ ಆಡಲಿ. ಬೇಸಿಗೆ ಬಂದ ಕೂಡಲೇ "ಗ್ಯಾಸ್ ತುಂಬಿಸ್ಬೇಕ್ರಿ" ಅನ್ನುವವರ ಮಾತಿಗೆ ತಲೆಯಾಡಿಸಬೇಡಿ. ಗ್ಯಾಸ್ ಪೆಟ್ರೋಲಿನ ಹಾಗೆ ಖರ್ಚಾಗುವುದಿಲ್ಲ. ಕಡಿಮೆಯಾಗಿದ್ದರೆ ಎಲ್ಲೋ ಸೋರುತ್ತಿದೆ ಅಂತಲೇ ಅರ್ಥ. ಮೊದಲು ಸೋರಿಕೆ ಹುಡುಕಿ ಮುಚ್ಚಲು ಹೇಳಿ, ಆಮೇಲೆ ತುಂಬಿಸಿ.

ಚಳಿಗಾಲದ ಒಂದು ಮಾತು. ಡಿಸೆಂಬರ್-ಜನವರಿಯ ನಸುಕು ನಮ್ಮಲ್ಲೂ ಕೊರೆಯುತ್ತದೆ. ಅಷ್ಟಕ್ಕಾಗಿ ಬಿಸಿ-ತಂಪು ಎರಡೂ ಕೊಡುವ ದುಬಾರಿ ಏಸಿ ಬೇಕಿಲ್ಲ, ಕೌದಿ ಸಾಕು. ಆದರೆ ಬಾಗಿಲು ಮುಚ್ಚಿದ ಕೋಣೆಯಲ್ಲಿ ಇದ್ದಿಲ ಅಗ್ಗಿಷ್ಟಿಕೆ ಇಟ್ಟು ಮಲಗಬೇಡಿ. ಅದರಿಂದ ಬರುವ ಇಂಗಾಲದ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲೇ ಜೀವ ಒಯ್ಯುತ್ತದೆ.

ಈಗ ಏಪ್ರಿಲ್, ಮೇ ಪೂರ್ತಿ ನಮ್ಮಲ್ಲಿ ಕೂಲರೇ. ಏಸಿಯನ್ನು ಹಚ್ಚುವುದು ತೀರಾ ಸೆಕೆಯ ರಾತ್ರಿಗಳಲ್ಲಿ ಮಾತ್ರ. ಸಂಜೆಯಾದರೆ ಅತ್ತೆ ತಾವೇ ಎದ್ದು ಎದುರಿನ ಕಿಟಕಿ ತೆರೆಯುತ್ತಾರೆ, ತಲೆದಿಂಬಿನ ಪಕ್ಕ ನೀರಿನ ತಂಬಿಗೆ ಇಟ್ಟುಕೊಳ್ಳುತ್ತಾರೆ. ನಾನು ಮರೆತ ದಿನ ಒಳಗಿನಿಂದಲೇ ಕೂಗುತ್ತಾರೆ: "ಅವ್ವಾ, ಕಿಟಕಿ!"