ಕಂಪನಿ ‘ವ್ಯಕ್ತಿ’ಯಾದ ಕಥೆ

ಕಳೆದ ತಿಂಗಳ ನಮ್ಮ ಓದುಗರ ಕೂಟದಲ್ಲಿ ಫ್ರಾಂಕ್ ನಾರಿಸ್‌ನ ‘ದಿ ಆಕ್ಟೋಪಸ್’ ಕಾದಂಬರಿಯ ಬಗ್ಗೆ ಮಾತಾಡಿದೆವು. 1901ರಲ್ಲಿ ಬಂದ ಪುಸ್ತಕ. ಕ್ಯಾಲಿಫೋರ್ನಿಯಾದ ಗೋಧಿ ಬೆಳೆಗಾರರನ್ನು ರೈಲು ಕಂಪನಿಯೊಂದು ಹಿಂಡಿ ಹಿಪ್ಪೆ ಮಾಡುವ ಕಥೆ. ಮಾತು ಮುಗಿದು ಚಹಾ ಲೋಟ ಕೈಗೆ ಬಂದಾಗ ಒಬ್ಬರು ಕೇಳಿದರು: “ಸರ್ಕಾರ, ಕೋರ್ಟು ಎಲ್ಲಾ ಇದ್ದೂ ಒಂದು ಕಂಪನಿಗೆ ಇಷ್ಟೊಂದು ಬಲ ಎಲ್ಲಿಂದ ಬಂತ್ರೀ?” ನಮಗ್ಯಾರಿಗೂ ಸರಿಯಾದ ಉತ್ತರ ಗೊತ್ತಿರಲಿಲ್ಲ. ಹುಡುಕುತ್ತಾ ಹೋದರೆ, ಸಿಕ್ಕ ಎಳೆಯೊಂದು ನಾವೇ ವಾಸಿಸುವ ಸ್ಯಾಂಟಾ ಕ್ಲಾರಾ ಕೌಂಟಿಗೆ ಬಂದು ನಿಂತಿತು! ಅದನ್ನು ಎಲ್ಲರೊಡನೆ ಹಂಚಿಕೊಳ್ಳೋಣ ಅನ್ನಿಸಿತು.

ಮೊದಲು ಒಂದು ಮಾತು. ಮನುಷ್ಯನಲ್ಲದ್ದನ್ನು ಕಾನೂನು ‘ವ್ಯಕ್ತಿ’ ಎಂದು ಕರೆಯುವುದು ನಮ್ಮವರಿಗೆ ಹೊಸದೇನಲ್ಲ. ಭಾರತದ ಕೋರ್ಟುಗಳ ಕಣ್ಣಲ್ಲಿ ದೇವಸ್ಥಾನದ ಮೂರ್ತಿಯೂ ಒಬ್ಬ ವ್ಯಕ್ತಿಯೇ. ಅದಕ್ಕೆ ಆಸ್ತಿ ಇರಬಹುದು, ಅದರ ಹೆಸರಲ್ಲಿ ದಾವೆ ಹೂಡಬಹುದು. ಕಂಪನಿಯೂ ಅಷ್ಟೇ. ಸಾಲ ತೆಗೆಯಲು, ಕರಾರು ಮಾಡಲು, ತಪ್ಪು ಮಾಡಿದರೆ ಕೋರ್ಟಿನ ಕಟಕಟೆಗೆ ಎಳೆಯಲು ಅದಕ್ಕೊಂದು ಹೆಸರು ಬೇಕು. ಇದು ಅನುಕೂಲಕ್ಕೆ ಮಾಡಿಕೊಂಡ ಕಲ್ಪನೆ, ಒಳ್ಳೆಯ ಕಲ್ಪನೆಯೇ. ಆದರೆ ದೇವರಿಗೆ ಆಸ್ತಿ ಇದೆ ಎಂದ ಮಾತ್ರಕ್ಕೆ ದೇವರಿಗೆ ಓಟು ಕೊಡಿ ಎಂದು ಯಾರೂ ಕೇಳಿದ್ದಿಲ್ಲ. ಯಾವ ಹಕ್ಕು ಮನುಷ್ಯನದು, ಯಾವುದು ಬರೀ ಅನುಕೂಲದ್ದು ಎನ್ನುವ ಗೆರೆ ಅಳಿಸಿಹೋದಾಗಲೇ ತಕರಾರು ಶುರುವಾಗುವುದು.

ಅಮೆರಿಕದಲ್ಲಿ ಆ ಗೆರೆ ಅಳಿಸತೊಡಗಿದ್ದು ಸಂವಿಧಾನದ 14ನೇ ತಿದ್ದುಪಡಿಯ ಮೂಲಕ. ಅಂತರ್ಯುದ್ಧ ಮುಗಿದ ಮೇಲೆ, ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನರ ರಕ್ಷಣೆಗೆಂದು 1868ರಲ್ಲಿ ಬಂದ ತಿದ್ದುಪಡಿ ಇದು. ಯಾವ ರಾಜ್ಯವೂ ಯಾವುದೇ ‘ವ್ಯಕ್ತಿ’ಗೆ ಕಾನೂನಿನ ಸಮಾನ ರಕ್ಷಣೆಯನ್ನು ನಿರಾಕರಿಸುವಂತಿಲ್ಲ ಎನ್ನುತ್ತದೆ. ಗಮನಿಸಿ, ಇಲ್ಲಿರುವ ಪದ ‘ನಾಗರಿಕ’ ಅಲ್ಲ, ‘ವ್ಯಕ್ತಿ’.

ಈ ಪದದ ಮೇಲೆ ಕಣ್ಣು ಹಾಕಿದ್ದು ಸದರ್ನ್ ಪೆಸಿಫಿಕ್ ರೈಲು ಕಂಪನಿ. 1879ರ ಕ್ಯಾಲಿಫೋರ್ನಿಯಾ ಸಂವಿಧಾನದ ಪ್ರಕಾರ ಸಾಮಾನ್ಯರು ತಮ್ಮ ಆಸ್ತಿಯ ಮೇಲಿನ ಅಡಮಾನ ಸಾಲವನ್ನು ಕಳೆದು ತೆರಿಗೆ ಕಟ್ಟಬಹುದಿತ್ತು. ರೈಲು ಕಂಪನಿಗಳಿಗೆ ಆ ವಿನಾಯಿತಿ ಇರಲಿಲ್ಲ. ಇದು ಅಸಮಾನತೆ, ನಾವೂ ‘ವ್ಯಕ್ತಿ’ಗಳೇ ಎಂದು ಕಂಪನಿ ವಾದ ಹೂಡಿತು, ತೆರಿಗೆ ಕಟ್ಟಲಿಲ್ಲ. ಸ್ಯಾಂಟಾ ಕ್ಲಾರಾ ಕೌಂಟಿ ಕೋರ್ಟಿಗೆ ಹೋಯಿತು. ಅಂದಹಾಗೆ, ಕಂಪನಿಯ ಅಧ್ಯಕ್ಷ ಲೇಲೆಂಡ್ ಸ್ಟ್ಯಾನ್‌ಫರ್ಡ್ ಆಗ ಅಮೆರಿಕದ ಸೆನೆಟರ್ ಕೂಡ ಆಗಿದ್ದ. ನಮ್ಮ ಮಕ್ಕಳು ಕನಸು ಕಾಣುವ ವಿಶ್ವವಿದ್ಯಾಲಯವನ್ನು ಪತ್ನಿ ಜೇನ್ ಜೊತೆ ಸ್ಥಾಪಿಸಿದವನು ಅವನೇ.

ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಬಂತು. ವಾದ ಶುರುವಾಗುವ ಮೊದಲೇ ಮುಖ್ಯ ನ್ಯಾಯಮೂರ್ತಿ ಮಾರಿಸನ್ ವೇಟ್, 14ನೇ ತಿದ್ದುಪಡಿ ಕಂಪನಿಗಳಿಗೂ ಅನ್ವಯಿಸುತ್ತದೆ ಎಂಬುದೇ ನಮ್ಮೆಲ್ಲರ ಅಭಿಪ್ರಾಯ, ಆ ಬಗ್ಗೆ ವಾದ ಬೇಡ ಎಂದುಬಿಟ್ಟರು. 1886ರ ಮೇ 10ರಂದು ತೀರ್ಪು ಕಂಪನಿಯ ಕಡೆ ಆಯಿತು. ಆದರೆ ತೀರ್ಪಿನಲ್ಲಿ ಈ ವಿಚಾರವೇ ಇಲ್ಲ! ರೈಲು ಹಳಿಯ ಪಕ್ಕದ ಬೇಲಿಗಳನ್ನು ರಾಜ್ಯದ ಅಧಿಕಾರಿಗಳು ತಪ್ಪಾಗಿ ಮೌಲ್ಯಮಾಪನಕ್ಕೆ ಸೇರಿಸಿದ್ದರು ಎಂಬ ಸಣ್ಣ ಕಾರಣದ ಮೇಲೆ ಮೊಕದ್ದಮೆ ಮುಗಿದಿತ್ತು. ತೀರ್ಪುಗಳನ್ನು ಸಂಪಾದಿಸಿ ಅಚ್ಚು ಮಾಡಿಸುತ್ತಿದ್ದ ಬ್ಯಾಂಕ್ರಾಫ್ಟ್ ಡೇವಿಸ್, ವೇಟ್ ಅವರ ಆ ಬಾಯಿಮಾತನ್ನು ಹಾಕಲೇ ಎಂದು ಪತ್ರ ಬರೆದು ಕೇಳಿದ. ಹಾಕುವುದು ಬಿಡುವುದು ನಿಮಗೆ ಬಿಟ್ಟಿದ್ದು ಎಂದರು ವೇಟ್. ಡೇವಿಸ್ ಅದನ್ನು ತೀರ್ಪಿನ ಮೇಲಿನ ಸಾರಾಂಶದಲ್ಲಿ ಸೇರಿಸಿದ. ಇವನೂ ಹಿಂದೊಮ್ಮೆ ಒಂದು ರೈಲು ಕಂಪನಿಯ ಅಧ್ಯಕ್ಷನಾಗಿದ್ದವನೇ. ಸಾರಾಂಶಕ್ಕೆ ಕಾನೂನಿನ ಬಲವಿಲ್ಲ. ಆದರೂ ಮುಂದಿನ ನ್ಯಾಯಾಧೀಶರು ಅದನ್ನೇ ತೀರ್ಪೆಂದು ಉಲ್ಲೇಖಿಸುತ್ತಾ ಹೋದರು. ಬೇಲಿಯ ಮೇಲೆ ಮುಗಿದ ಮೊಕದ್ದಮೆಯೊಂದು ಹೀಗೆ ದೊಡ್ಡ ಹಕ್ಕಿನ ಬುನಾದಿಯಾಯಿತು.

ಅದೇ ದಿನ, ಅದೇ ಕೋರ್ಟು ಇನ್ನೊಂದು ತೀರ್ಪನ್ನೂ ಕೊಟ್ಟಿತು. ಅದೂ ನಮ್ಮ ಪಕ್ಕದ ಸ್ಯಾನ್ ಫ್ರಾನ್ಸಿಸ್ಕೋದ್ದೇ. ಮರದ ಕಟ್ಟಡದಲ್ಲಿ ಬಟ್ಟೆ ಒಗೆಯುವ ಅಂಗಡಿ ನಡೆಸಲು ಪರವಾನಗಿ ಬೇಕು ಎಂದು ಅಲ್ಲಿ ನಿಯಮ ಬಂದಿತ್ತು. ಸುಮಾರು 200 ಚೀನೀಯರು ಅರ್ಜಿ ಹಾಕಿದರು, ಒಬ್ಬರಿಗೂ ಸಿಗಲಿಲ್ಲ. ಚೀನೀಯರಲ್ಲದ 80 ಮಂದಿಯಲ್ಲಿ ಒಬ್ಬರನ್ನು ಬಿಟ್ಟು ಎಲ್ಲರಿಗೂ ಸಿಕ್ಕಿತು. ಯಿಕ್ ವೋ ಎಂಬ ಹೆಸರಿನಲ್ಲಿ ದಾಖಲಾದ ಆ ಮೊಕದ್ದಮೆಯಲ್ಲಿ, ಅದೇ ಜಾಗದಲ್ಲಿ 22 ವರ್ಷ ಅಂಗಡಿ ನಡೆಸಿದವನು ದಂಡ ಕಟ್ಟದೆ ಜೈಲು ಸೇರಿದ್ದ. ಅವನು ಈ ದೇಶದ ನಾಗರಿಕನಲ್ಲ, ಆದರೆ ‘ವ್ಯಕ್ತಿ’, ಅವನಿಗೂ ಸಮಾನ ರಕ್ಷಣೆ ಇದೆ ಎಂದಿತು ಕೋರ್ಟು. ಇಂದು ವೀಸಾದ ಮೇಲೆ ಬಂದ ನಮಗೂ ಈ ನೆಲದಲ್ಲಿ ಇರುವ ಆಸರೆಯಲ್ಲಿ ಈ ತೀರ್ಪಿನ ಪಾಲಿದೆ.

ಒಂದೇ ಪದ, ಒಂದೇ ದಿನ, ಇಬ್ಬರಿಗೆ ನೆರಳಾಯಿತು. ಯಾರಿಗಾಗಿ ಬಂದಿತ್ತೋ ಅವರಿಗೆ? ಹತ್ತು ವರ್ಷದ ನಂತರ, 1896ರಲ್ಲಿ, ಬಿಳಿಯರ ರೈಲು ಡಬ್ಬಿಯಲ್ಲಿ ಕೂತಿದ್ದಕ್ಕೆ ಬಂಧನಕ್ಕೊಳಗಾದ ಹೋಮರ್ ಪ್ಲೆಸಿ ಇದೇ ತಿದ್ದುಪಡಿಯನ್ನು ಹಿಡಿದು ಬಂದಾಗ, ಬೇರೆ ಡಬ್ಬಿ ಕೊಟ್ಟರೂ ಸಮಾನತೆಯೇ ಎಂದು ಕೋರ್ಟು ಕಳಿಸಿಬಿಟ್ಟಿತು. ರೈಲು ಕಂಪನಿಗೆ ಸಿಕ್ಕಿದ್ದು ರೈಲಿನ ಪ್ರಯಾಣಿಕನಿಗೆ ಸಿಗಲಿಲ್ಲ. 1938ರಲ್ಲಿ ನ್ಯಾಯಮೂರ್ತಿ ಹ್ಯೂಗೋ ಬ್ಲ್ಯಾಕ್ ಲೆಕ್ಕ ಕೊಟ್ಟರು: ಮೊದಲ 50 ವರ್ಷಗಳಲ್ಲಿ ಈ ತಿದ್ದುಪಡಿ ಅನ್ವಯವಾದ ಮೊಕದ್ದಮೆಗಳಲ್ಲಿ ಕಪ್ಪು ಜನರ ರಕ್ಷಣೆ ಕೋರಿದವು ಶೇಕಡಾ ಅರ್ಧಕ್ಕಿಂತ ಕಡಿಮೆ, ಕಂಪನಿಗಳಿಗೆ ಅದರ ಲಾಭ ಕೇಳಿದವು ಶೇಕಡಾ 50ಕ್ಕಿಂತ ಹೆಚ್ಚು.

ಇದೆಲ್ಲ ಹಳೇ ಕಥೆ ಅನ್ನಬೇಡಿ. ಜನಮತ ಚುನಾವಣೆಯಲ್ಲಿ ಕಂಪನಿಗಳು ಹಣ ಸುರಿಯಬಹುದು ಎಂದು 1978ರಲ್ಲಿ ಸುಪ್ರೀಂ ಕೋರ್ಟು ಹೇಳಿದಾಗ, ಅಡಿಟಿಪ್ಪಣಿಯಲ್ಲಿ ನೆನೆದದ್ದು ಸ್ಯಾಂಟಾ ಕ್ಲಾರಾ ಮೊಕದ್ದಮೆಯನ್ನೇ. 2020ರಲ್ಲಿ ಇಲ್ಲಿ 22ನೇ ಪ್ರಸ್ತಾಪ ಮತಕ್ಕೆ ಬಂದದ್ದು ನಮ್ಮಲ್ಲಿ ಹಲವರಿಗೆ ನೆನಪಿರಬೇಕು. ಆ್ಯಪ್ ಮೂಲಕ ಕಾರು ಓಡಿಸುವವರು, ಊಟ ತಲುಪಿಸುವವರು ನೌಕರರಲ್ಲ, ಸ್ವತಂತ್ರ ಗುತ್ತಿಗೆದಾರರು ಎನ್ನುವ ಪ್ರಸ್ತಾಪ ಅದು. ಊಬರ್, ಲಿಫ್ಟ್, ಡೋರ್‌ಡ್ಯಾಶ್ ಮೊದಲಾದ ಕಂಪನಿಗಳು 20 ಕೋಟಿ ಡಾಲರಿಗೂ ಹೆಚ್ಚು ಸುರಿದವು. ವಿರೋಧಿಸಿದ ಕಾರ್ಮಿಕ ಸಂಘಗಳ ಕೈಲಾದದ್ದು ಅದರ ಹತ್ತನೇ ಒಂದು ಪಾಲಿನಷ್ಟು. ಪ್ರಸ್ತಾಪ ಗೆದ್ದಿತು. 2024ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು.

ಇನ್ನು ನಮ್ಮ ವಿಷಯಕ್ಕೆ ಬರೋಣ. ನಮ್ಮಲ್ಲಿ ಎಚ್-1ಬಿ ವೀಸಾದ ಮೇಲಿರುವವರು ತೆರಿಗೆ ಕಟ್ಟುತ್ತಾರೆ. ಓಟು ಹಾಕುವಂತಿಲ್ಲ, ಅಭ್ಯರ್ಥಿಗೆ ಒಂದು ಡಾಲರ್ ದೇಣಿಗೆ ಕೊಡುವುದೂ ಕಾನೂನುಬಾಹಿರ. ಅವರನ್ನು ಕೆಲಸಕ್ಕಿಟ್ಟುಕೊಂಡ ಅಮೆರಿಕನ್ ಕಂಪನಿಯೂ ಫೆಡರಲ್ ಚುನಾವಣೆಯ ಅಭ್ಯರ್ಥಿಯ ಕೈಗೆ ನೇರವಾಗಿ ಹಣ ಕೊಡುವಂತಿಲ್ಲ, ನಿಜ. ಆದರೆ 2010ರ ‘ಸಿಟಿಜನ್ಸ್ ಯುನೈಟೆಡ್’ ತೀರ್ಪಿನ ನಂತರ, ಅಭ್ಯರ್ಥಿಯ ಪರ ತಾನೇ ಪ್ರಚಾರ ಮಾಡಲು ಎಷ್ಟು ಬೇಕಾದರೂ ಖರ್ಚು ಮಾಡಬಹುದು. ರಕ್ತ ಮಾಂಸದ ವ್ಯಕ್ತಿ ಬಾಯಿ ಮುಚ್ಚಿ ಕೂರಬೇಕಾದ ಜಾಗದಲ್ಲಿ ಕಾಗದದ ವ್ಯಕ್ತಿಗೆ ದೊಡ್ಡ ಧ್ವನಿವರ್ಧಕ!

ಹಾಗೆಂದು ‘ವ್ಯಕ್ತಿ’ ಎಂಬ ಪದವನ್ನೇ ಕಿರಿದು ಮಾಡಿ ಎನ್ನಲು ನಮಗೆ ಧೈರ್ಯವಿಲ್ಲ. ಅದು ಅಗಲವಾಗಿರುವುದರಿಂದಲೇ ಯಿಕ್ ವೋಗೆ ನ್ಯಾಯ ಸಿಕ್ಕಿತು, ನಮಗೂ ನೆಲೆ ಸಿಕ್ಕಿತು. ಕೇಳಬೇಕಾದದ್ದು ಇಷ್ಟೇ: ಈ ಹಕ್ಕು ಹುಟ್ಟಿದ್ದು ಯಾರ ನೋವಿನಿಂದ, ಈಗ ಅದರ ಫಲ ಉಣ್ಣುತ್ತಿರುವವರು ಯಾರು?

ಅಂದು ಚಹಾ ಹೊತ್ತಿನಲ್ಲಿ ಪ್ರಶ್ನೆ ಕೇಳಿದ ಮಿತ್ರರಿಗೆ ನಮ್ಮ ವಂದನೆಗಳು. ನಾವೆಲ್ಲ ಪದಗಳನ್ನು ಪ್ರೀತಿಸುವ ಜನ. ಅಧಿಕಾರವೂ ಒಮ್ಮೊಮ್ಮೆ ಒಂದು ಪದದೊಳಗೆ ಅಡಗಿ ಕೂತಿರುತ್ತದೆ ಎಂಬುದು ತಿಳಿದಿದ್ದು ಅವರಿಂದ.